ಮಾತುಕತೆಯ ಬಲ ಮಸ್ಟರ್ ರೋಲಿನಲ್ಲಿದೆ

"ಸಾಹೇಬ್ರ, ಇನ್ನ ಮ್ಯಾಲ ನಮ್ಮ ಕಾರ್ಖಾನ್ಯಾಗ ಯೂನಿಯನ್ ಆದ್ರ ಅದನ್ನ ನಾವು ಒಪ್ಪಲೇಬೇಕೇನ್ರಿ?"

ಬೆಳಗಾವಿಯ ಉದ್ಯಮಬಾಗದಲ್ಲಿ ಈಗ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಕೇಳುವವರು ದೊಡ್ಡ ಕಂಪನಿಯ ನಿರ್ದೇಶಕರಲ್ಲ. ಮೂವತ್ತು, ಅರವತ್ತು, ಹೆಚ್ಚೆಂದರೆ ನೂರಿಪ್ಪತ್ತು ಜನರನ್ನು ಇಟ್ಟುಕೊಂಡು ಫೌಂಡ್ರಿ, ಮಶಿನ್ ಶಾಪ್, ಹೈಡ್ರಾಲಿಕ್ ಬಿಡಿಭಾಗಗಳ ಘಟಕ ನಡೆಸುವವರು. ನಾನು ಇಂಥ ಕಾರ್ಖಾನೆಗಳ ಟೈಮ್ ಆಫೀಸಿನಲ್ಲೇ ಕೆಲಸ ಕಲಿತವನು. ಹಾಜರಿ ಬರೆಯುವುದರಿಂದ ಶುರುವಾಗಿ ಪರ್ಸನಲ್ ಅಧಿಕಾರಿಯಾಗಿ ನಿವೃತ್ತನಾದೆ. ಊರು ಖಾನಾಪುರ ತಾಲ್ಲೂಕು. ನನ್ನ ಕೈಯಲ್ಲಿ ಹಾಜರಿ ಹಾಕಿಸಿಕೊಂಡವರಲ್ಲಿ ಅನೇಕರು ನಮ್ಮ ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೋ ಲೋಂಡಾ ಕಡೆಯ ರೈಲಿಗೋ ಬರುತ್ತಿದ್ದವರು. ಎರಡೂ ಕಡೆಯ ಮಾತು ಕೇಳಿಯೇ ಬೆಳೆದವನಾದ್ದರಿಂದ, ಈ ಪ್ರಶ್ನೆಗೆ ಹೌದು ಎಂಬ ಒಂದು ಮಾತಿನ ಉತ್ತರ ಕೊಟ್ಟು ಸುಮ್ಮನಾಗಲು ನನಗೆ ಮನಸ್ಸಿಲ್ಲ.

ಕೈಗಾರಿಕಾ ಸಂಬಂಧಗಳ ಸಂಹಿತೆ 2020ರ ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಯಿತು. ಐದು ವರ್ಷ ಹಾಗೇ ಇದ್ದು, 2025ರ ನವೆಂಬರ್ 21ರಿಂದ ಉಳಿದ ಮೂರು ಕಾರ್ಮಿಕ ಸಂಹಿತೆಗಳ ಜೊತೆ ಜಾರಿಗೆ ಬಂತು. ನಾಲ್ಕೂ ಸೇರಿ 29 ಹಳೆಯ ಕೇಂದ್ರ ಕಾಯ್ದೆಗಳ ಜಾಗದಲ್ಲಿ ನಿಂತಿವೆ. ಸಂಘಟನೆಗೆ ಸಂಬಂಧಿಸಿದ ಈ ಸಂಹಿತೆಯಲ್ಲಿ ಮೂರು ಕಾಯ್ದೆ ಒಂದಾಗಿವೆ: 1926ರ ಕಾರ್ಮಿಕ ಸಂಘಗಳ ಕಾಯ್ದೆ, 1946ರ ಸ್ಥಾಯಿ ಆದೇಶಗಳ ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ. ಈ ಬದಲಾವಣೆಯಿಂದ ಮಾಲೀಕರಿಗೆ ಲಾಭವೇ ಆಯಿತೆಂದು ಒಂದು ಗುಂಪು ಹೇಳುತ್ತಿದೆ. ಇನ್ನು ಮುಂದೆ ಯೂನಿಯನ್ನಿನವರು ತಲೆಯ ಮೇಲೆ ಕೂರುತ್ತಾರೆಂದು ಮಾಲೀಕರಲ್ಲೇ ಇನ್ನೊಂದು ಗುಂಪು ಹೆದರುತ್ತಿದೆ. ಎರಡೂ ಪೂರ್ತಿ ಸರಿಯಲ್ಲ.

ನೋಂದಣಿ ಬೇರೆ, ಮನ್ನಣೆ ಬೇರೆ

ಹಿಂದಿನದನ್ನು ತಿಳಿಯದೆ ಹೊಸದು ಅರ್ಥವಾಗುವುದಿಲ್ಲ. 1918ರಲ್ಲಿ ಮದ್ರಾಸಿನಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಅಲ್ಲಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಯ ಕಾರ್ಮಿಕರನ್ನು ಸಂಘಟಿಸಿದ ಬಿ.ಪಿ. ವಾಡಿಯಾ ಅವರ ಮೇಲೆ ಬಿನ್ನಿ ಕಂಪನಿ ನಷ್ಟ ತುಂಬಿಕೊಡುವಂತೆ ದಾವೆ ಹೂಡಿತು, ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಸಂಘ ಕಟ್ಟುವುದೇ ಅಪರಾಧವೆಂದು ಕಾಣುತ್ತಿದ್ದ ಕಾಲ ಅದು. ಆ ಪ್ರಕರಣ ಎಬ್ಬಿಸಿದ ಚರ್ಚೆಯಿಂದಲೇ 1926ರ ಕಾಯ್ದೆ ಬಂತು. ನೋಂದಾಯಿತ ಸಂಘದ ಪದಾಧಿಕಾರಿಗಳಿಗೆ ಅದು ಸಂಘದ ನ್ಯಾಯವಾದ ಕೆಲಸಕ್ಕೆ ಕಾನೂನಿನ ರಕ್ಷಣೆ ಕೊಟ್ಟಿತು. ಹೊಸ ಸಂಹಿತೆಯೂ ಆ ರಕ್ಷಣೆಯನ್ನು ಉಳಿಸಿಕೊಂಡಿದೆ.

ಆದರೆ ನೋಂದಣಿಯಾದ ಸಂಘದ ಜೊತೆ ಮಾಲೀಕರು ಮಾತುಕತೆಗೆ ಕೂರಲೇಬೇಕೆಂದು ದೇಶಕ್ಕೆಲ್ಲ ಅನ್ವಯಿಸುವ ಕೇಂದ್ರ ಕಾನೂನು ಹೇಳಿರಲಿಲ್ಲ. ಕಾರ್ಮಿಕರು ಸಂಘ ನೋಂದಾಯಿಸಿ, ಬೇಡಿಕೆಪಟ್ಟಿ ಕಳಿಸುತ್ತಿದ್ದರು. ಮಾಲೀಕರು ಆ ಪತ್ರವನ್ನು ಫೈಲಿಗೆ ಹಾಕಿ ಸುಮ್ಮನಿರುತ್ತಿದ್ದರು. ಬಳಿಕ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿ ಇಬ್ಬರನ್ನೂ ಕರೆಸುತ್ತಿದ್ದರು. ಅಲ್ಲಿ ಬಗೆಹರಿಯದಿದ್ದರೆ ಸರ್ಕಾರ ಪ್ರಕರಣವನ್ನು ನ್ಯಾಯಾಲಯಕ್ಕೆ ಒಪ್ಪಿಸುವವರೆಗೆ ಕಾಯಬೇಕಿತ್ತು. ಒಂದು ವೇತನ ಒಪ್ಪಂದಕ್ಕೆ ವರ್ಷಗಳೇ ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಗಡಿಯಾಚೆಗಿನ ಸ್ಥಿತಿ ಬೇರೆ. ನಮ್ಮ ಫೌಂಡ್ರಿಗಳ ಪ್ರತಿಸ್ಪರ್ಧಿಗಳಾದ ಕೊಲ್ಹಾಪುರದ ಶಿರೋಲಿ, ಗೋಕುಳ ಶಿರಗಾಂವದ ಫೌಂಡ್ರಿಗಳು 1971ರ ಮಹಾರಾಷ್ಟ್ರ ಕಾಯ್ದೆಯ ಕೆಳಗೆ ನಡೆದುಬಂದವು. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ, ಶೇ 30 ಸದಸ್ಯರನ್ನು ಆರು ತಿಂಗಳು ಉಳಿಸಿಕೊಂಡ ಸಂಘ ಮನ್ನಣೆ ಕೇಳಬಹುದೆಂದು ಆ ಕಾಯ್ದೆ ಹೇಳುತ್ತಿತ್ತು. ಬೆಳಗಾವಿಯೂ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲೇ ಇತ್ತು. 1946ರ ಮುಂಬಯಿ ಕಾಯ್ದೆ, ಕೆಲವು ಕೈಗಾರಿಕೆಗಳ ಮಟ್ಟಿಗೆ, ಕಾರ್ಮಿಕರ ಪರವಾಗಿ ಮಾತಾಡುವ ಪ್ರಾತಿನಿಧಿಕ ಸಂಘ ಯಾವುದೆಂದು ಆಗಲೇ ಗೊತ್ತುಮಾಡುತ್ತಿತ್ತು. ಹೀಗಾಗಿ ಮನ್ನಣೆ ಎಂಬ ವಿಚಾರ ನಮ್ಮ ಭಾಗಕ್ಕೆ ಹೊಸತಲ್ಲ. ನಡುವೆ ಬಹಳ ಕಾಲ ಕಾನೂನಿನ ಬಲವಿಲ್ಲದೆ ಇತ್ತು ಅಷ್ಟೆ.

ಐವತ್ತೊಂದರ ಲೆಕ್ಕ

ಹೊಸ ಸಂಹಿತೆಯ ಪ್ರಕಾರ ಏಳು ಜನ ಸೇರಿ ಸಂಘದ ನೋಂದಣಿಗೆ ಅರ್ಜಿ ಹಾಕಬಹುದು. ಆದರೆ ಆ ಘಟಕದ ಅಥವಾ ಕೈಗಾರಿಕೆಯ ಕಾರ್ಮಿಕರಲ್ಲಿ ಶೇ 10 ಇಲ್ಲವೇ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರು ಬೇಕು. ಎಷ್ಟೇ ಸಣ್ಣ ಘಟಕವಾದರೂ ಏಳಕ್ಕಿಂತ ಕಡಿಮೆಯಾಗುವಂತಿಲ್ಲ. 120 ಜನರ ಫೌಂಡ್ರಿಯಲ್ಲಿ 12 ಜನ ಸಾಕು. 40 ಜನರ ಘಟಕದಲ್ಲಿ ಏಳು ಜನ ಬೇಕು. ಈ ನಿಯಮ ಹೆಚ್ಚುಕಡಿಮೆ ಹಳೆಯದೇ, 2001ರ ತಿದ್ದುಪಡಿಯಿಂದ ಬಂದದ್ದು.

ಹೊಸದು ಇದರ ಮುಂದಿನ ಹೆಜ್ಜೆ. ನೋಂದಾಯಿತ ಸಂಘ ಇರುವ ಪ್ರತಿ ಕಾರ್ಖಾನೆಯಲ್ಲೂ ಮಾತುಕತೆಗೆ ಅಧಿಕೃತವಾದ ಒಂದು ಸಂಘ ಅಥವಾ ಮಂಡಳಿ ಇರಬೇಕು. ಒಂದೇ ಸಂಘವಿದ್ದು ಅದು ನಿಯಮದ ಅರ್ಹತೆ ಮುಟ್ಟಿದರೆ ಮಾಲೀಕರು ಅದನ್ನೇ ಒಪ್ಪಬೇಕು. ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ, ಮಸ್ಟರ್ ರೋಲಿನಲ್ಲಿ, ಅಂದರೆ ಕಾರ್ಖಾನೆಯ ಹಾಜರಿ ಪಟ್ಟಿಯಲ್ಲಿ, ಇರುವ ಕಾರ್ಮಿಕರಲ್ಲಿ ಶೇ 51 ಅಥವಾ ಹೆಚ್ಚು ಜನರ ಬೆಂಬಲವಿರುವ ಸಂಘಕ್ಕೆ ಆ ಸ್ಥಾನ. ಯಾರಿಗೂ ಶೇ 51 ಇಲ್ಲದಿದ್ದರೆ, ಕನಿಷ್ಠ ಶೇ 20ರ ಬೆಂಬಲವಿರುವ ಸಂಘಗಳ ಪ್ರತಿನಿಧಿಗಳು ಸೇರಿ ಮಾತುಕತೆ ಮಂಡಳಿ ಆಗುತ್ತದೆ. ಹೀಗೆ ಸಿಕ್ಕ ಮನ್ನಣೆ ಮೂರು ವರ್ಷದ್ದು. ಮಾಲೀಕರೂ ಸಂಘವೂ ಒಪ್ಪಿದರೆ ಐದು ವರ್ಷದವರೆಗೂ ನಡೆಯಬಹುದು.

ಅದೇ 120 ಜನರ ಫೌಂಡ್ರಿಯಲ್ಲಿ ಮೂರು ಸಂಘಗಳಿವೆ ಎನ್ನೋಣ. ಒಂದರಲ್ಲಿ 58, ಇನ್ನೊಂದರಲ್ಲಿ 40, ಮತ್ತೊಂದರಲ್ಲಿ 18 ಜನ. ಶೇ 51 ಮುಟ್ಟಲು 62 ಜನ ಬೇಕು, ಯಾರೂ ಮುಟ್ಟಲಿಲ್ಲ. ಮೊದಲ ಎರಡೂ ಸಂಘಗಳು ಮಂಡಳಿಗೆ ಬರುತ್ತವೆ. ಶೇ 20 ಎಂದರೆ 24 ಜನ. ಹಾಗಾಗಿ ಮೂರನೆಯದಕ್ಕೆ ಮಂಡಳಿಯಲ್ಲಿ ಜಾಗವಿಲ್ಲ. ಮುಂದೆ ಮೊದಲ ಸಂಘಕ್ಕೆ ಇನ್ನು ನಾಲ್ಕು ಜನ ಸೇರಿದರೆ, ಹೊಸದಾಗಿ ಮನ್ನಣೆ ನಿರ್ಧರಿಸುವ ಹೊತ್ತಿಗೆ ಅದೊಂದೇ ಎಲ್ಲರ ಪರವಾಗಿ ಮಾತಾಡುತ್ತದೆ.

ಮಾಲೀಕರಿಗೆ ಇದರಿಂದ ನೇರ ಅನುಕೂಲವಿದೆ. ಹಿಂದೆ ಒಂದು ಸಂಘದ ಜೊತೆ ಸಹಿ ಹಾಕಿದ ಮರುದಿನವೇ ಇನ್ನೊಂದು ಸಂಘ ಗೇಟಿನ ಮುಂದೆ ಬಂದು, ನಮಗೆ ಈ ಒಪ್ಪಂದ ಒಪ್ಪಿಗೆಯಿಲ್ಲ ಎನ್ನುತ್ತಿತ್ತು. ಯಾರ ಮಾತನ್ನು ನಂಬಬೇಕೆಂದು ಆಡಳಿತಕ್ಕೆ ತಿಳಿಯುತ್ತಿರಲಿಲ್ಲ. ಈಗ ಯಾರ ಜೊತೆ ಕೂರಬೇಕೆಂಬುದನ್ನು ಲೆಕ್ಕವೇ ಹೇಳುತ್ತದೆ. ಹೊಣೆಯೂ ಅಷ್ಟೇ ಸ್ಪಷ್ಟ. ಮನ್ನಣೆ ಪಡೆದ ಸಂಘದ ಜೊತೆ ಪ್ರಾಮಾಣಿಕವಾಗಿ ಮಾತಾಡಲು ನಿರಾಕರಿಸುವುದು, ಸಂಘ ಸೇರಿದವರನ್ನು ಹೆದರಿಸುವುದು, ಆಡಳಿತವೇ ದುಡ್ಡು ಕೊಟ್ಟು ತನ್ನದೊಂದು ಸಂಘ ಕಟ್ಟಿಸುವುದು ಇವೆಲ್ಲ ಅನುಚಿತ ಕಾರ್ಮಿಕ ಪದ್ಧತಿಗಳು. ಇವಕ್ಕೆ ದಂಡ ಹತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ. ಕಾರ್ಮಿಕರು ಇಂಥ ತಪ್ಪು ಮಾಡಿದರೂ ಇದೇ ದಂಡ.

ಬಹುಮತದ ಸಂಘದ ಜೊತೆ ಮಾಲೀಕರು ಕೂರಬೇಕೆಂಬ ನಿಯಮ ಅಮೆರಿಕದಲ್ಲಿ 1935ರಿಂದಲೇ ಇದೆ. ಇಪ್ಪತ್ತಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಮನ್ನಣೆಗೆ ಕಾನೂನಿನ ದಾರಿಯನ್ನು ಬ್ರಿಟನ್ 1999ರ ಕಾಯ್ದೆಯಲ್ಲಿ ಮಾಡಿತು. ಸಂಘಟನೆಯ ಹಕ್ಕು ಮತ್ತು ಸಾಮೂಹಿಕ ಚೌಕಾಸಿ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 87 ಮತ್ತು 98ನೇ ಒಡಂಬಡಿಕೆಗಳಿಗೆ ಭಾರತ ಇನ್ನೂ ಅನುಮೋದನೆ ನೀಡಿಲ್ಲ. ಹಾಗಿದ್ದರೂ ಮನ್ನಣೆಯ ಮಟ್ಟಿಗೆ ನಾವು ಈಗ ಆ ದಾರಿಯಲ್ಲೇ ಒಂದು ಹೆಜ್ಜೆ ಇಟ್ಟಿದ್ದೇವೆ.

ಮಸ್ಟರಿನಲ್ಲಿ ಇರುವವರು ಯಾರು?

ನಾನು ಮಾಲೀಕರ ಗಮನ ಸೆಳೆಯಬೇಕೆಂದಿರುವುದು ಈ ಒಂದು ವಿಷಯಕ್ಕೆ. ಶೇ 51 ಎಂದರೆ ಯಾವುದರಲ್ಲಿ ಐವತ್ತೊಂದು? ಗೇಟಿನೊಳಗೆ ದುಡಿಯುವ ಎಲ್ಲರಲ್ಲಿ ಅಲ್ಲ, ಕಾರ್ಖಾನೆಯ ಮಸ್ಟರ್ ರೋಲಿನಲ್ಲಿ ಹೆಸರಿರುವ ಕಾರ್ಮಿಕರಲ್ಲಿ.

ನಮ್ಮ ಫೌಂಡ್ರಿಗಳ ಒಳಗೆ ಹೋಗಿ ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಫರ್ನೇಸಿನ ಮೇಲೆ, ಪ್ಯಾಟರ್ನ್ ಶಾಪಿನಲ್ಲಿ, ಇನ್ಸ್‌ಪೆಕ್ಷನ್ನಿನಲ್ಲಿ ಇರುವವರು ಕಾಯಂ ಜನ. ಮೌಲ್ಡಿಂಗ್ ಎಷ್ಟೋ ಕಡೆ ಪೀಸ್ ರೇಟಿನ ಮೇಲೆ, ಒಬ್ಬ ಮುಕಾದಮನ ಕೈಕೆಳಗಿನ ಗ್ಯಾಂಗಿನಿಂದ ನಡೆಯುತ್ತದೆ. ಎರಕ ಆರಿದ ಮೇಲೆ ಅಂಚು ತೆಗೆದು ಉಜ್ಜುವ ಫೆಟ್ಲಿಂಗ್ ಕೆಲಸವಂತೂ ಬಹುಪಾಲು ಗುತ್ತಿಗೆಯವರದು. ದೂಳು, ಸದ್ದು, ಬಿಸಿ ಎಲ್ಲ ಅವರ ಪಾಲಿಗೇ. ಬಿಹಾರ, ಉತ್ತರ ಪ್ರದೇಶ, ಒಡಿಶಾದಿಂದ ಬಂದ ಹುಡುಗರು ಈಗ ಆ ಗ್ಯಾಂಗುಗಳಲ್ಲಿ ಹೆಚ್ಚು. ಅವರ ಹಾಜರಿ ಗುತ್ತಿಗೆದಾರನ ಪುಸ್ತಕದಲ್ಲಿರುತ್ತದೆ. ಕೆಲವೊಮ್ಮೆ ಅವನ ಜೇಬಿನ ಡೈರಿಯಲ್ಲಿರುತ್ತದೆ.

ಹೀಗಿರುವಾಗ, ಗುತ್ತಿಗೆಯವರನ್ನು ಮಸ್ಟರಿನಿಂದ ಹೊರಗಿಟ್ಟರೆ ಸಂಘದ ಬಲ ಕಡಿಮೆಯಾಗುತ್ತದಲ್ಲವೇ ಎಂದು ಮಾಲೀಕರೊಬ್ಬರು ನನ್ನನ್ನು ಕೇಳಿದರು. ಲೆಕ್ಕ ತಿರುಗಿಸಿ ತೋರಿಸಿದೆ. ಮಸ್ಟರಿನಲ್ಲಿ ಇಪ್ಪತ್ತೇ ಜನರಿದ್ದರೆ ಹನ್ನೊಂದು ಜನ ಸೇರಿದ ಸಂಘಕ್ಕೆ ಶೇ 55 ಬಂತು. ನೂರು ಜನ ದುಡಿಯುವ ಕಾರ್ಖಾನೆಯ ಪರವಾಗಿ ಹನ್ನೊಂದು ಜನ ಮಾತಾಡುತ್ತಾರೆ, ಉಳಿದ ಎಂಬತ್ತು ಜನರ ದೂರು ಕೇಳುವವರು ಯಾರೂ ಇಲ್ಲ. ಆ ಎಂಬತ್ತು ಜನರೇ ಒಂದು ದಿನ ಸದ್ದಿಲ್ಲದೆ ರೈಲು ಹತ್ತಿದರೆ ಯಾವ ಒಪ್ಪಂದವೂ ಫರ್ನೇಸು ನಡೆಸುವುದಿಲ್ಲ.

ಕಾನೂನಿನ ಅಪಾಯವೂ ಇದೆ. ಉಳಿದ ಮೂರು ಸಂಹಿತೆಗಳಲ್ಲಿ ಒಂದಾದ ವೃತ್ತಿ ಸುರಕ್ಷತೆ ಸಂಹಿತೆಯು ಕಾರ್ಖಾನೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಹಚ್ಚಬಾರದೆನ್ನುತ್ತದೆ. ವಿನಾಯಿತಿಗಳಿವೆ, ಮತ್ತು ಗುತ್ತಿಗೆಗೆ ಸಂಬಂಧಿಸಿದ ಆ ಭಾಗ 50 ಗುತ್ತಿಗೆ ಕಾರ್ಮಿಕರಿರುವ ಕಡೆಯಿಂದ ಅನ್ವಯಿಸುತ್ತದೆ, ಮೊದಲು ಈ ಮಿತಿ 20 ಇತ್ತು. ಆದರೆ ಫೌಂಡ್ರಿಯಲ್ಲಿ ಮೌಲ್ಡಿಂಗ್ ಮುಖ್ಯ ಕೆಲಸವಲ್ಲವೆಂದು ವಾದಿಸುವುದು ಯಾವ ವಕೀಲನಿಗೂ ಸುಲಭವಲ್ಲ.

ಕೈಗಾರಿಕಾ ಸಂಬಂಧಗಳ ಸಂಹಿತೆ ಇದಕ್ಕೆ ಇನ್ನೊಂದು ದಾರಿ ತೆರೆದಿದೆ. ಆರ್ಡರು ಬಂದಾಗ ಆರು ತಿಂಗಳಿಗೋ ಎರಡು ವರ್ಷಕ್ಕೋ ಲಿಖಿತ ಕರಾರಿನ ಮೇಲೆ ನಿಗದಿತ ಅವಧಿಯ ಕಾರ್ಮಿಕರನ್ನು ನೇರವಾಗಿ ತೆಗೆದುಕೊಳ್ಳಬಹುದು. ಅವಧಿ ಮುಗಿದರೆ ಕೆಲಸ ಮುಗಿಯಿತು, ಅದನ್ನು ರಿಟ್ರೆಂಚ್‌ಮೆಂಟ್ ಎಂದು ಲೆಕ್ಕ ಹಿಡಿಯುವುದಿಲ್ಲ. ಬದಲಿಗೆ ಅದೇ ಕೆಲಸ ಮಾಡುವ ಕಾಯಂ ಕಾರ್ಮಿಕನಿಗೆ ಕೊಡುವಷ್ಟೇ ವೇತನ, ಸೌಲಭ್ಯ ಕೊಡಬೇಕು. ಒಂದು ವರ್ಷ ದುಡಿದರೆ ಗ್ರಾಚ್ಯುಟಿಯೂ ಸಲ್ಲಬೇಕು. ಈ ಜನ ನಿಮ್ಮ ಮಸ್ಟರಿನಲ್ಲೇ ಇರುತ್ತಾರೆ, ಸಂಘ ಸೇರುತ್ತಾರೆ, ಶೇ 51ರ ಲೆಕ್ಕಕ್ಕೂ ಬರುತ್ತಾರೆ. ಮಾಲೀಕರಿಗೆ ಇದು ದುಬಾರಿ ಎನ್ನಿಸಬಹುದು. ಗುತ್ತಿಗೆದಾರನ ಕಮಿಷನ್ನು, ಹೊಸ ಹುಡುಗರ ಕೈಯಲ್ಲಿ ಹಾಳಾಗುವ ಎರಕ, ಅಪಘಾತವಾದಾಗ ಹೆಸರೇ ಸಿಗದ ಗೋಳು ಇವನ್ನೆಲ್ಲ ಕೂಡಿಸಿ ನೋಡಿದ ಮೇಲೆ ಆ ಮಾತು ಹೇಳಿ ಎಂದು ನಾನು ಅವರಿಗೆ ಹೇಳುತ್ತೇನೆ.

ಹದಿನಾಲ್ಕು ದಿನದ ನೋಟಿಸು

ಮುಷ್ಕರಕ್ಕೆ ಮೊದಲು ನೋಟಿಸು ಕೊಡಬೇಕೆಂಬ ಕಡ್ಡಾಯ ಹಳೆಯ ಕಾಯ್ದೆಯಲ್ಲಿ ನೀರು, ವಿದ್ಯುತ್ತು, ಸಾರಿಗೆಯಂಥ ಸಾರ್ವಜನಿಕ ಸೇವೆಗಳಿಗಷ್ಟೇ ಇತ್ತು. ಈಗ ಎಲ್ಲ ಕಾರ್ಖಾನೆಗಳಿಗೂ ಇದೆ. ನೋಟಿಸು ಕೊಟ್ಟು 14 ದಿನ ಕಳೆಯುವ ಮೊದಲು ಮುಷ್ಕರ ಹೂಡುವಂತಿಲ್ಲ. ಸಂಧಾನ ನಡೆಯುತ್ತಿರುವಾಗಲೂ, ಅದು ಮುಗಿದ ಏಳು ದಿನದವರೆಗೂ ಹೂಡುವಂತಿಲ್ಲ. ನ್ಯಾಯಮಂಡಳಿಯಲ್ಲಿ ವಿಚಾರಣೆ ಇದ್ದರೆ ಅದು ಮುಗಿದ 60 ದಿನದವರೆಗೂ ಇಲ್ಲ.

ಫೌಂಡ್ರಿಯವರಿಗೆ ಈ ಮುನ್ಸೂಚನೆಯ ಬೆಲೆ ಗೊತ್ತು. ಫರ್ನೇಸಿನಲ್ಲಿ 1400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕರಗಿದ ಕಬ್ಬಿಣ ಇರುವಾಗ ಕೆಲಸ ನಿಂತು, ಅದು ಒಳಗೇ ಗಟ್ಟಿಯಾದರೆ, ಲೈನಿಂಗ್ ಒಡೆದು ಮತ್ತೆ ಕಟ್ಟಬೇಕು. ಪುಣೆಯ ಟ್ರ್ಯಾಕ್ಟರ್ ಕಂಪನಿಗೋ ಹೊರದೇಶದ ಪಂಪು ಕಂಪನಿಗೋ ಹೋಗಬೇಕಾದ ಮಾಲು ತಡವಾದರೆ ಗಿರಾಕಿ ಕೊಲ್ಹಾಪುರಕ್ಕೋ ಕೊಯಮತ್ತೂರಿಗೋ ಹೋಗುತ್ತಾನೆ. ಎರಡು ವಾರ ಮೊದಲೇ ತಿಳಿದರೆ ಮಾತಾಡಿ ಬಗೆಹರಿಸಲು ಸಮಯ ಸಿಗುತ್ತದೆ.

ಇದೇ ನಿಯಮ ಮಾಲೀಕರಿಗೂ ಇದೆ. 14 ದಿನದ ನೋಟಿಸಿಲ್ಲದೆ ಕಾರ್ಖಾನೆಗೆ ಬೀಗ ಹಾಕಿ ಲಾಕೌಟ್ ಎನ್ನುವಂತಿಲ್ಲ. ಅಕ್ರಮ ಮುಷ್ಕರಕ್ಕೆ ಕಾರ್ಮಿಕನಿಗೆ ಒಂದರಿಂದ ಹತ್ತು ಸಾವಿರ ರೂಪಾಯಿ ದಂಡ. ಅಕ್ರಮ ಲಾಕೌಟಿಗೆ ಮಾಲೀಕರಿಗೆ ಐವತ್ತು ಸಾವಿರದಿಂದ ಒಂದು ಲಕ್ಷ. ಎರಡಕ್ಕೂ ಒಂದು ತಿಂಗಳವರೆಗಿನ ಜೈಲು ಇರಬಹುದು. ವೇತನ, ಪಾಳಿ, ಕೆಲಸದ ಹೊತ್ತು ಬದಲಿಸಬೇಕಿದ್ದರೆ 21 ದಿನ ಮೊದಲು ಕಾರ್ಮಿಕರಿಗೆ ನೋಟಿಸು ಕೊಡಬೇಕೆಂಬ ಹಳೆಯ ನಿಯಮವೂ ಹಾಗೇ ಉಳಿದಿದೆ. ಸೋಮವಾರದಿಂದ ಮೂರು ಪಾಳಿ ಎಂದು ಶನಿವಾರ ಬೋರ್ಡು ಹಾಕುವ ರೂಢಿ ಇರುವವರು ಇದನ್ನು ನೆನಪಿಡಬೇಕು.

ಇನ್ನೊಂದು ಹೊಸ ಮಾತು: ಶೇ 50 ಅಥವಾ ಹೆಚ್ಚು ಕಾರ್ಮಿಕರು ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಇದನ್ನು ನಮ್ಮ ಭಾಗದಲ್ಲಿ ವಿವೇಕದಿಂದ ಓದಬೇಕು. ಖಾನಾಪುರ ಭತ್ತದ ಸೀಮೆ. ಮಳೆ ಹಿಡಿದು ನಾಟಿ ಶುರುವಾದರೆ ಅಲ್ಲಿಂದ ಬರುವ ಕಾರ್ಮಿಕರು ಗದ್ದೆಗೆ ಇಳಿಯಲೇಬೇಕು. ಗಣೇಶ ಚೌತಿಗೆ, ಊರ ಜಾತ್ರೆಗೆ ಅರ್ಧ ಕಾರ್ಖಾನೆ ಖಾಲಿಯಾಗುವುದು ಎಲ್ಲರಿಗೂ ಗೊತ್ತು. ಹದಿನೈದು ಜನರ ಘಟಕದಲ್ಲಿ ಎಂಟು ಜನ ನಾಟಿಗೆ ಹೋದರೆ ಅದು ಸಂಚಲ್ಲ, ಬದುಕು. ಇಂಥವರಿಗೆ ಮುಷ್ಕರದ ನೋಟಿಸು ಹಚ್ಚುವ ಮಾಲೀಕ, ಇಲ್ಲದ ಜಗಳವನ್ನು ತಾನೇ ಕರೆತರುತ್ತಾನೆ. ವರ್ಷದ ಆರಂಭದಲ್ಲೇ ನಾಟಿ ಮತ್ತು ಹಬ್ಬದ ರಜೆಗಳನ್ನು ಕಾರ್ಮಿಕರ ಜೊತೆ ಕೂತು ನಿಗದಿ ಮಾಡಿಕೊಳ್ಳುವುದು ಇದಕ್ಕೆ ಸರಿಯಾದ ಪರಿಹಾರ.

ಕಾರ್ಮಿಕ ಸಂಘಗಳ ಆಕ್ಷೇಪವನ್ನೂ ಮಾಲೀಕರು ಕಿವಿಗೊಟ್ಟು ಕೇಳಬೇಕು. ನೋಟಿಸು ಕೊಟ್ಟ ಮೇಲೆ ಸಂಧಾನಾಧಿಕಾರಿ ಮೊದಲ ಸಭೆ ಕರೆದರೆ ಸಂಧಾನ ಶುರುವಾದಂತೆ. ಶುರುವಾದರೆ ಮುಷ್ಕರ ನಿಷಿದ್ಧ. ಹಾಗಾಗಿ ಕಾನೂನುಬದ್ಧ ಮುಷ್ಕರ ಕಾಗದದ ಮೇಲಷ್ಟೇ ಉಳಿಯುತ್ತದೆಂಬುದು ಅವರ ವಾದ. 2025ರ ಜುಲೈ 9ರ ದೇಶವ್ಯಾಪಿ ಮುಷ್ಕರದ ಮುಖ್ಯ ಬೇಡಿಕೆಗಳಲ್ಲಿ ಈ ಸಂಹಿತೆಗಳನ್ನು ಹಿಂತೆಗೆದುಕೊಳ್ಳಬೇಕೆಂಬುದೂ ಇತ್ತು. ಅವರ ವಾದದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಮುಷ್ಕರದ ದಾರಿ ಕಿರಿದಾದಷ್ಟೂ ಮಾತುಕತೆಯ ದಾರಿಯನ್ನು ಅಗಲ ಮಾಡುವುದು ಮಾಲೀಕರ ಕರ್ತವ್ಯವಾಗುತ್ತದೆ.

ಮುನ್ನೂರರ ಗಡಿ

ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾದದ್ದು 300ರ ಗಡಿ. ಕಾರ್ಖಾನೆಗಳಲ್ಲಿ ಲೇ-ಆಫ್, ರಿಟ್ರೆಂಚ್‌ಮೆಂಟ್, ಮುಚ್ಚುಗಡೆಗೆ ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮ ಮೊದಲು 100 ಕಾರ್ಮಿಕರಿರುವ ಕಡೆ ಇತ್ತು, ಈಗ 300ಕ್ಕೆ ಏರಿದೆ. ನೇಮಕ, ಶಿಸ್ತು, ರಜೆ ಕುರಿತ ಸ್ಥಾಯಿ ಆದೇಶಗಳ ಕಡ್ಡಾಯವೂ 300ಕ್ಕೆ ಹೋಗಿದೆ. ಕರ್ನಾಟಕದಲ್ಲಿ ಅದು 50 ಜನರಿರುವ ಕಡೆಯಿಂದಲೇ ಇತ್ತು.

ಉದ್ಯಮಬಾಗ, ಮಚ್ಛೆ, ಹೊನಗಾ, ಆಟೋ ನಗರದ ಹೆಚ್ಚಿನ ಘಟಕಗಳು ನೂರಕ್ಕಿಂತ ಸಣ್ಣವು. ಅವರಿಗೆ ಪೂರ್ವಾನುಮತಿಯ ತೊಂದರೆ ಮೊದಲೂ ಇರಲಿಲ್ಲ. ಬದಲಾವಣೆ ಮುಟ್ಟುವುದು ನೂರರಿಂದ ಮುನ್ನೂರರ ನಡುವಿನವರನ್ನು. ಅವರೂ ತಿಳಿಯಬೇಕಾದದ್ದಿದೆ. ಅನುಮತಿ ಬೇಡವಾದರೂ ವರ್ಷ ತುಂಬಿದ ಕಾರ್ಮಿಕನನ್ನು ತೆಗೆಯಲು ಒಂದು ತಿಂಗಳ ನೋಟಿಸು ಅಥವಾ ವೇತನ, ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನದ ಪರಿಹಾರ ಕೊಡಲೇಬೇಕು. ಸಾಮಾನ್ಯವಾಗಿ ಕೊನೆಗೆ ಸೇರಿದವನೇ ಮೊದಲು ಹೋಗಬೇಕು. ಇದಲ್ಲದೆ ಮರುಕೌಶಲ ನಿಧಿಗೆ ತಲಾ 15 ದಿನದ ವೇತನವನ್ನು ಮಾಲೀಕರು ಕಟ್ಟಬೇಕು. ಕೆಲಸ ಕಳೆದುಕೊಂಡ ಕಾರ್ಮಿಕನ ಖಾತೆಗೆ ಆ ಹಣ 45 ದಿನದೊಳಗೆ ಹೋಗಬೇಕು.

ಸ್ಥಾಯಿ ಆದೇಶ ಬೇಕಿಲ್ಲವೆಂದು ಹಳೆಯ ಪುಸ್ತಕ ಮೂಲೆಗೆಸೆದವರಿಗೆ ನನ್ನ ಎಚ್ಚರಿಕೆಯಿದೆ. ಶಿಸ್ತುಕ್ರಮ ಕೈಗೊಂಡರೆ ಆರೋಪಪತ್ರ, ವಿಚಾರಣೆ, ಉತ್ತರ ಹೇಳಲು ಅವಕಾಶ ಇವೆಲ್ಲ ಸಹಜ ನ್ಯಾಯದ ಭಾಗ. ಯಾವುದು ತಪ್ಪು, ಯಾವ ತಪ್ಪಿಗೆ ಯಾವ ಶಿಕ್ಷೆ ಎಂದು ಬರೆದ ನಿಯಮವೇ ಇಲ್ಲದಿದ್ದರೆ ನ್ಯಾಯಮಂಡಳಿಯ ಮುಂದೆ ತೋರಿಸಲು ಮಾಲೀಕರ ಕೈಯಲ್ಲಿ ಏನೂ ಇರುವುದಿಲ್ಲ. ನಾನು ಬಲ್ಲ ಒಂದು ಘಟಕದಲ್ಲಿ ಸಂಘ ಕಟ್ಟಿದ ಇಬ್ಬರನ್ನು ದುರ್ವರ್ತನೆಯ ನೆಪದಲ್ಲಿ ಮನೆಗೆ ಕಳಿಸಿದರು. ವಿಚಾರಣೆ ಸರಿಯಾಗಿ ನಡೆಸಿರಲಿಲ್ಲ. ಪ್ರಕರಣ ಎಳೆದಾಡಿ, ಕೊನೆಗೆ ಹಿಂಬಾಕಿ ವೇತನದ ಸಮೇತ ಅವರನ್ನು ಮರಳಿ ತೆಗೆದುಕೊಳ್ಳಬೇಕಾಯಿತು. ಅಷ್ಟರಲ್ಲಿ ಒಳ್ಳೆಯ ಮೌಲ್ಡರುಗಳು ಬೇರೆ ಕಡೆ ಸೇರಿಯಾಗಿತ್ತು.

ಇಪ್ಪತ್ತು ಜನರಿದ್ದರೆ ಸಮಿತಿ

ನನ್ನ ಮಟ್ಟಿಗೆ ಸಣ್ಣ ಮಾಲೀಕರಿಗೆ ಅತ್ಯಂತ ಉಪಯುಕ್ತವಾದ ನಿಯಮದ ಬಗ್ಗೆ ಯಾರೂ ಹೆಚ್ಚು ಮಾತಾಡುತ್ತಿಲ್ಲ. ಇಪ್ಪತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಪ್ರತಿ ಘಟಕದಲ್ಲೂ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು ಸಮಸಮ, ಒಟ್ಟು ಹತ್ತರ ಒಳಗೆ. ಅಧ್ಯಕ್ಷ ಸ್ಥಾನ ಒಮ್ಮೆ ಅವರಿಗೆ, ಒಮ್ಮೆ ಇವರಿಗೆ. ಹೆಣ್ಣುಮಕ್ಕಳು ದುಡಿಯುವ ಕಡೆ ಅವರ ಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ. ದೂರು ಬಂದ 30 ದಿನದೊಳಗೆ ವಿಚಾರಣೆ ಮುಗಿಸಬೇಕು. ಸಮಾಧಾನವಾಗದ ಕಾರ್ಮಿಕ 60 ದಿನದೊಳಗೆ ತನ್ನ ಸಂಘದ ಮೂಲಕ ಸಂಧಾನಾಧಿಕಾರಿಯ ಬಳಿ ಹೋಗಬಹುದು. ಅಲ್ಲೂ ಬಗೆಹರಿಯದಿದ್ದರೆ, ಸರ್ಕಾರ ಒಪ್ಪಿಸುವುದನ್ನು ಕಾಯದೆ, 90 ದಿನದೊಳಗೆ ನೇರ ನ್ಯಾಯಮಂಡಳಿಗೆ ಹೋಗುವ ದಾರಿ ಈಗ ಎರಡೂ ಕಡೆಯವರಿಗಿದೆ.

ಹೆಚ್ಚಿನ ಜಗಳಗಳು ವೇತನದಿಂದ ಶುರುವಾಗುವುದಿಲ್ಲ ಎಂಬುದು ಟೈಮ್ ಆಫೀಸಿನಲ್ಲಿ ಕೂತವರಿಗೆಲ್ಲ ಗೊತ್ತು. ಓವರ್‌ಟೈಮ್ ಬರೆಯದಿರುವುದು, ಇ.ಎಸ್.ಐ. ಕಾರ್ಡಿನಲ್ಲಿ ಹೆಂಡತಿ ಮಕ್ಕಳ ಹೆಸರು ಸೇರಿಸದಿರುವುದು, ಪಿ.ಎಫ್. ಖಾತೆಯಲ್ಲಿ ಹುಟ್ಟಿದ ದಿನಾಂಕ ತಪ್ಪಾಗಿರುವುದು, ಸುಟ್ಟ ಕೈಗವಸು ಬದಲಿಸಿಕೊಡದಿರುವುದು, ಸೂಪರ್‌ವೈಸರ್ ಎಲ್ಲರೆದುರು ಬೈದದ್ದು ಇಂಥ ಸಣ್ಣ ವಿಷಯಗಳಲ್ಲಿ ಕಹಿ ಕಟ್ಟಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕೂತರೆ ಇವು ಮುಗಿಯುತ್ತವೆ. ಸಂಘವಿಲ್ಲದ ಕಾರ್ಖಾನೆಯಲ್ಲೂ ಈ ಸಮಿತಿ ಬೇಕು. ಸಂಘ ಬಂದಾಗ ಮಾತಾಡುವ ಅಭ್ಯಾಸ ಇಬ್ಬರಿಗೂ ಆಗಲೇ ಇರುತ್ತದೆ.

ನಮ್ಮ ಕಡೆಯ ಕಾರ್ಮಿಕರಲ್ಲಿ ಕನ್ನಡ ಮನೆಮಾತಿನವರೂ ಇದ್ದಾರೆ, ಮರಾಠಿಯವರೂ ಇದ್ದಾರೆ, ಈಗ ಹಿಂದಿಯವರೂ ಬಂದಿದ್ದಾರೆ. ಸಮಿತಿಯ ಸೂಚನೆಯನ್ನು ಕನ್ನಡದಲ್ಲಿ ಹಾಕಿ, ಉಳಿದವರಿಗೆ ಅವರ ಭಾಷೆಯಲ್ಲಿ ಓದಿ ಹೇಳಿ. ಇಂಗ್ಲಿಷಿನ ಒಂದು ಹಾಳೆಯನ್ನು ಬೋರ್ಡಿಗೆ ಅಂಟಿಸಿ, ತಿಳಿಸಿದ್ದೇವೆ ಎನ್ನುವುದು ನ್ಯಾಯವಲ್ಲ.

ಖಾನಾಪುರದ ಭಟ್ಟಿಗಳಲ್ಲಿ

ಬೆಳಗಾವಿಯಿಂದ ಖಾನಾಪುರಕ್ಕೆ ಹೋದರೆ ಉದ್ಯಮದ ಸ್ವರೂಪವೇ ಬೇರೆ. ಅಲ್ಲಿನ ಮಣ್ಣು ಹೆಸರಾದದ್ದು. ಗಡಿಗೆ, ಹೆಂಚು, ಇಟ್ಟಂಗಿ ಆ ಮಣ್ಣಿನಿಂದಲೇ ಬೆಳೆದ ಕಸುಬುಗಳು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಖಾನಾಪುರದಲ್ಲಿರುವುದಕ್ಕೂ ಅದೇ ಕಾರಣ. ಇಟ್ಟಂಗಿ ಭಟ್ಟಿಗಳು ಮಳೆ ನಿಂತ ಮೇಲೆ ಶುರುವಾಗಿ ಮತ್ತೆ ಮಳೆ ಬರುವವರೆಗೆ ನಡೆಯುತ್ತವೆ. ಮುಂಗಡ ಪಡೆದು ಬಂದ ಕುಟುಂಬಗಳು, ಗಂಡ ಹೆಂಡತಿ ಇಬ್ಬರೂ, ಸಾವಿರ ಇಟ್ಟಂಗಿಗೆ ಇಷ್ಟು ಎಂದು ದುಡಿಯುತ್ತವೆ. ಬಹಳ ಕಡೆ ಹಾಜರಿ ಪುಸ್ತಕವೇ ಇಲ್ಲ. ಲೆಕ್ಕ ಬರೆದರೂ ಗಂಡನ ಹೆಸರೊಂದೇ ಇರುತ್ತದೆ.

ಸಂಘಟನೆಯ ಕಾನೂನು ಇವರನ್ನು ಮುಟ್ಟುವುದಿಲ್ಲವೆಂದು ಭಟ್ಟಿಯವರು ತಿಳಿದರೆ ಅದು ಪೂರ್ತಿ ನಿಜವಲ್ಲ. ಒಂದು ಭಟ್ಟಿಯಲ್ಲಿ ಏಳು ಸದಸ್ಯರು ಸಿಗದಿದ್ದರೂ, ಇಡೀ ಕಸುಬಿಗೆ ಸೇರಿ ಒಂದು ಸಂಘ ನೋಂದಾಯಿಸಲು ಅವಕಾಶವಿದೆ. ಅಸಂಘಟಿತ ವಲಯದ ಸಂಘದಲ್ಲಿ ಪದಾಧಿಕಾರಿಗಳ ಪೈಕಿ ಅರ್ಧದವರೆಗೆ ಹೊರಗಿನವರೂ ಇರಬಹುದು. ಬೇರೆ ಕಡೆ ಹೊರಗಿನವರಿಗೆ ಮೂರನೇ ಒಂದು ಭಾಗ ಅಥವಾ ಐದು ಜನ, ಯಾವುದು ಕಡಿಮೆಯೋ ಅದೇ ಮಿತಿ. ಮನ್ನಣೆಯ ಪ್ರಶ್ನೆ ಬಂದಾಗ ಮಾತ್ರ ಮತ್ತೆ ಮಸ್ಟರಿಗೇ ಬರಬೇಕು. ಹೆಸರೇ ಬರೆಯದ ಕಡೆ ಬೆಂಬಲ ಎಣಿಸುವುದು ಹೇಗೆ? ಆ ಹೆಣ್ಣುಮಗಳ ಹೆಸರು ಪುಸ್ತಕಕ್ಕೆ ಬರದಿದ್ದರೆ ಅವಳಿಗೆ ಕೂಲಿಯ ಚೀಟಿಯೂ ಇಲ್ಲ, ಸಂಘದ ಲೆಕ್ಕದಲ್ಲಿ ಜಾಗವೂ ಇಲ್ಲ. ಭಟ್ಟಿಯ ಮಾಲೀಕರು ಸಂಹಿತೆಯ ಬೇರಾವ ನಿಯಮ ಓದದಿದ್ದರೂ ದುಡಿಯುವ ಪ್ರತಿಯೊಬ್ಬರ ಹೆಸರನ್ನು ಬೇರೆಬೇರೆಯಾಗಿ ಬರೆಯುವುದನ್ನು ಈ ಹಂಗಾಮಿನಿಂದಲೇ ಶುರು ಮಾಡಬೇಕು.

ಮಾಲೀಕರಿಗೆ ನನ್ನ ಮಾತು

ಕಾರ್ಮಿಕ ವಿಷಯ ಕೇಂದ್ರ, ರಾಜ್ಯ ಎರಡಕ್ಕೂ ಸೇರಿದ್ದು. ಸಂಹಿತೆಯ ಚೌಕಟ್ಟಿನೊಳಗೆ ನಮೂನೆ, ಪರಿಶೀಲನೆಯ ಕ್ರಮ, ಮನ್ನಣೆ ಪಡೆದ ಸಂಘಕ್ಕೆ ಕೊಡಬೇಕಾದ ಸೌಲಭ್ಯ ಇವನ್ನೆಲ್ಲ ನಿಯಮಗಳು ಹೇಳುತ್ತವೆ. ಹಾಗಾಗಿ ಯಾವುದೇ ನಿರ್ಧಾರಕ್ಕೆ ಮೊದಲು ಬೆಳಗಾವಿಯ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಆ ಹೊತ್ತಿನ ನಿಯಮವನ್ನು ಕೇಳಿ ತಿಳಿದುಕೊಳ್ಳಿ. ನಿಯಮಗಳಿಗೆ ಕಾಯದೇ ಈಗಲೇ ಮಾಡಬಹುದಾದ ಕೆಲಸಗಳೂ ಇವೆ. ಮಸ್ಟರ್ ರೋಲನ್ನು ದಿನದಿನಕ್ಕೆ ನಿಜವಾಗಿ ಬರೆಯಿರಿ. ಪ್ರತಿಯೊಬ್ಬರಿಗೂ ನೇಮಕ ಪತ್ರ ಕೊಡಿ. ಇಪ್ಪತ್ತು ಜನರಿದ್ದರೆ ಸಮಿತಿ ಮಾಡಿ, ಕಾರ್ಮಿಕರ ಪ್ರತಿನಿಧಿಗಳನ್ನು ಕಾರ್ಮಿಕರೇ ಆರಿಸಲಿ. ಮುನ್ನೂರು ಜನರಿಲ್ಲದಿದ್ದರೂ ಶಿಸ್ತಿನ ನಿಯಮಗಳನ್ನು ಬರೆದಿಡಿ. ಸಂಘದ ಪತ್ರ ಬಂದರೆ ಫೈಲಿಗೆ ಹಾಕಬೇಡಿ, ಅದಕ್ಕೆ ಲಿಖಿತ ಉತ್ತರ ಕೊಟ್ಟು ದಿನ ಗೊತ್ತುಮಾಡಿ. ಒಪ್ಪಂದವಾದರೆ ಮೂರು ವರ್ಷಕ್ಕೆ ಮಾಡಿ, ಅದರಲ್ಲಿ ವೇತನದ ಜೊತೆ ಉತ್ಪಾದನೆ, ಗುಣಮಟ್ಟ, ಸುರಕ್ಷತೆಯ ಮಾತನ್ನೂ ಸೇರಿಸಿ.

ಸಂಘ ಬಂದರೆ ಕಾರ್ಖಾನೆ ಮುಚ್ಚುತ್ತದೆಂಬ ಮಾತನ್ನು ನಾನು ನನ್ನ ಕೆಲಸದ ಕಾಲವೆಲ್ಲ ಕೇಳಿದ್ದೇನೆ. ಉದ್ಯಮಬಾಗದಲ್ಲಿ ಮುಚ್ಚಿದ ಶೆಡ್ಡುಗಳನ್ನೂ ನೋಡಿದ್ದೇನೆ. ನನಗೆ ಗೊತ್ತಿರುವಂತೆ ಅವು ಮುಚ್ಚಿದ್ದು ಗಿರಾಕಿ ಹೋದದ್ದರಿಂದ, ಸಾಲ ಏರಿದ್ದರಿಂದ, ಅಣ್ಣತಮ್ಮಂದಿರ ಪಾಲಿನ ಜಗಳದಿಂದ, ಹಳೆಯ ಯಂತ್ರ ಬದಲಿಸದೇ ಇದ್ದದ್ದರಿಂದ. ಕಾರ್ಮಿಕರ ಜೊತೆ ಕೂತು ಮಾತಾಡಿದ್ದಕ್ಕೆ ಮುಚ್ಚಿದ ಒಂದು ಕಾರ್ಖಾನೆಯೂ ನನ್ನ ನೆನಪಿನಲ್ಲಿಲ್ಲ. ಹೊಸ ಕಾನೂನು ಆ ಕೂರುವಿಕೆಯನ್ನು ಕಡ್ಡಾಯ ಮಾಡಿದೆ. ಮಾಲೀಕರೇ, ನೋಟಿಸು ಬರುವ ಮೊದಲೇ ನಿಮ್ಮ ಜನರನ್ನು ಕರೆದು ಕೂರಿ. ಮಸ್ಟರ್ ರೋಲನ್ನು ನೀವೇ ತೆಗೆದು, ದುಡಿಯುವವರೆಲ್ಲರ ಹೆಸರು ಅದರಲ್ಲಿದೆಯೇ ಎಂದು ಈ ವಾರವೇ ನೋಡಿ.